ವಿಳಾಸವಿರುವ ಸಿಟ್ಟು: ಮಗಳಿಗೊಂದು ಪತ್ರ

ಪ್ರೀತಿಯ ಮೇಘಾಳಿಗೆ ಅಮ್ಮನ ಆಶೀರ್ವಾದಗಳು.

ರ‍್ಯಾಪ್ ಮೆಟಲ್ ಎಂದರೆ ಬರಿಯ ಅಬ್ಬರವಲ್ಲವೇ ಎಂದು ನೀನು ಕೇಳಿದ್ದೆಯಲ್ಲ, ಉತ್ತರವಾಗಿ ಒಂದೇ ಆಲ್ಬಮ್ಮನ್ನು ಹೆಸರಿಸುತ್ತೇನೆ. ಅದು ಲಾಸ್ ಏಂಜಲೀಸ್‌ನ ರೇಜ್ ಅಗೆನ್ಸ್ಟ್ ದಿ ಮಷೀನ್ ತಂಡವು 1992ರ ನವೆಂಬರಿನಲ್ಲಿ ತನ್ನದೇ ಹೆಸರಿನಲ್ಲಿ ಹೊರತಂದ ಮೊದಲ ಆಲ್ಬಮ್.

ರ‍್ಯಾಪಿನ ತಾಳಬದ್ಧ ಮಾತು ಮತ್ತು ಮೆಟಲ್‌ನ ಬಿರುಸಾದ ಗಿಟಾರ್, ಈ ಎರಡರ ಬೆಸುಗೆಗೆ ಇವರೇ ಮೊದಲಿಗರಲ್ಲ. 1986ರಲ್ಲಿ ರ‍್ಯಾಪ್ ತಂಡ ರನ್-ಡಿಎಂಸಿ ಮತ್ತು ರಾಕ್ ತಂಡ ಏರೋಸ್ಮಿತ್, 1991ರಲ್ಲಿ ಮೆಟಲ್ ತಂಡ ಆಂಥ್ರಾಕ್ಸ್ ಮತ್ತು ರ‍್ಯಾಪ್ ತಂಡ ಪಬ್ಲಿಕ್ ಎನಿಮಿ ಒಟ್ಟಿಗೆ ಹಾಡಿದ್ದುಂಟು. ಆದರೆ ಅಲ್ಲಿ ಎರಡು ತಂಡಗಳು ಒಂದು ಹಾಡಿಗಾಗಿ ಕೂಡಿದ್ದವು; ಇಲ್ಲಿ ಎರಡೂ ಸಂಗೀತಗಳು ನಾಲ್ಕು ಜನರ ಒಂದೇ ಉಸಿರಾದವು. ಸ್ಯಾಂಪಲ್ (ಬೇರೆ ಧ್ವನಿಮುದ್ರಣದಿಂದ ತೆಗೆದ ತುಣುಕು), ಕೀಬೋರ್ಡ್, ಸಿಂಥಸೈಜರ್ ಯಾವುದನ್ನೂ ಬಳಸಿಲ್ಲವೆಂದು ಅವರು ಆಲ್ಬಮ್ಮಿನ ಜೊತೆಗಿನ ಟಿಪ್ಪಣಿಯಲ್ಲಿ ಅಚ್ಚು ಹಾಕಿಸಿದ್ದಾರೆ. ಡಿಜೆಯೊಬ್ಬ ರೆಕಾರ್ಡನ್ನು ಉಜ್ಜಿದಂತೆ ಕೇಳುವ ಸದ್ದೂ ಟಾಮ್ ಮೊರೆಲೊ ಅವರ ಗಿಟಾರಿನದೇ: ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ಪುಗಳಲ್ಲಿ ಒಂದರ ವಾಲ್ಯೂಮನ್ನು ಪೂರ್ತಿ ಇಳಿಸಿ, ಇನ್ನೊಂದನ್ನು ಏರಿಸಿ, ಒಂದು ಕೈಯಿಂದ ತಂತಿಯನ್ನು ಉಜ್ಜುತ್ತ ಇನ್ನೊಂದು ಕೈಯಿಂದ ಪಿಕಪ್ಪುಗಳ ನಡುವೆ ಬದಲಿಸುವ ಸ್ವಿಚ್ಚನ್ನು ಚಕಚಕನೆ ಆಡಿಸುತ್ತಾರೆ. ನಿನ್ನ ಗಿಟಾರಿನಲ್ಲಿ ಎರಡು ಪಿಕಪ್ಪಿಗೂ ಬೇರೆ ಬೇರೆ ವಾಲ್ಯೂಮ್ ಇದ್ದರೆ ನೀನೂ ಪ್ರಯತ್ನಿಸಬಹುದು. ಬ್ರ್ಯಾಡ್ ವಿಲ್ಕ್ ಅವರ ಡ್ರಮ್ಮಿನಲ್ಲಿ ಪೆಟ್ಟುಗಳ ನಡುವೆ ಬಿಟ್ಟಿರುವ ಜಾಗವನ್ನು ಗಮನಿಸು. ಹಾಡಿನ ಮಾತು ನೆಲೆ ಕಂಡುಕೊಳ್ಳುವುದು ಆ ಜಾಗದಲ್ಲಿ.

ಇನ್ನು ಆ ಮಾತು. ಕಪ್ಪು ಜನಾಂಗದ ರಾಡ್ನಿ ಕಿಂಗ್ ಅವರನ್ನು ಥಳಿಸಿದ ಪೊಲೀಸರನ್ನು ನ್ಯಾಯಾಲಯ ಖುಲಾಸೆಗೊಳಿಸಿದಾಗ ಲಾಸ್ ಏಂಜಲೀಸ್ ಹೊತ್ತಿ ಉರಿದದ್ದು ಆಲ್ಬಮ್ ಬಂದ ವರ್ಷವೇ. ಗಾಯಕ ಝ್ಯಾಕ್ ಡೆ ಲಾ ರೋಚಾ ಅವರ ಸಿಟ್ಟಿಗೆ ವಿಳಾಸವಿದೆ: ‘ಕಿಲ್ಲಿಂಗ್ ಇನ್ ದಿ ನೇಮ್’ ಪೊಲೀಸ್ ಪಡೆಯೊಳಗಿನ ಜನಾಂಗದ್ವೇಷವನ್ನು ಎತ್ತಿ ಹೇಳಿದರೆ, ‘ಟೇಕ್ ದಿ ಪವರ್ ಬ್ಯಾಕ್’ ಶಾಲೆಯ ಪಾಠಗಳು ಯಾರ ಚರಿತ್ರೆಯನ್ನು ಮರೆಮಾಚುತ್ತವೆ ಎಂದು ಕೇಳುತ್ತದೆ. ಮೊದಲಿನದರ ಕೊನೆಯಲ್ಲಿ ಒಂದೇ ನಿರಾಕರಣೆ ತಗ್ಗಿದ ದನಿಯಲ್ಲಿ ಶುರುವಾಗಿ, ಮರಳಿ ಮರಳಿ ಬರುತ್ತ, ಗಂಟಲು ಬಿರಿಯುವಷ್ಟು ಏರುತ್ತದೆ. ಅಲ್ಲಿ ಬೈಗುಳವಿದೆ, ನಿಜ. ಅದು ಆ ಜಾಗಕ್ಕೆ ತಕ್ಕದ್ದೆಂದೇ ನಾನು ಭಾವಿಸುತ್ತೇನೆ.

ಆಲ್ಬಮ್ಮಿನ ಹೊದಿಕೆಯ ಚಿತ್ರವನ್ನು ಅವಸರದಲ್ಲಿ ನೋಡಬೇಡ. ಅದರಲ್ಲಿರುವವರು ದಕ್ಷಿಣ ವಿಯೆಟ್ನಾಮಿನ ಸರ್ಕಾರ ಬೌದ್ಧರಿಗೆ ಕೊಡುತ್ತಿದ್ದ ಕಿರುಕುಳವನ್ನು ಪ್ರತಿಭಟಿಸಿ 1963ರಲ್ಲಿ ಸೈಗಾನಿನ ಬೀದಿಯಲ್ಲಿ ಬೆಂಕಿಗೆ ಮೈಯೊಡ್ಡಿ ಕುಳಿತ ಭಿಕ್ಷು ಥಿಕ್ ಕ್ವಾಂಗ್ ಡುಕ್ ಅವರು. ಛಾಯಾಚಿತ್ರ ಮಾಲ್ಕಮ್ ಬ್ರೌನ್ ಅವರದು.

ತೊಂಬತ್ತರ ದಶಕದ ಕೊನೆಗೆ ಲಿಂಪ್ ಬಿಜ್ಕಿಟ್‌ನಂತಹ ತಂಡಗಳು ಈ ಅಚ್ಚಿನಿಂದ ದೊಡ್ಡ ಹೆಸರು ಗಳಿಸಿದವು. ಅವು ಅಬ್ಬರವನ್ನು ಪಡೆದುಕೊಂಡು ಅದರ ಕಾರಣವನ್ನು ಬಿಟ್ಟವು ಎಂಬುದು ನನ್ನ ಅಭಿಪ್ರಾಯ. ಮೂಲದ ಬಲ ಮಾತ್ರ ಕುಂದಲಿಲ್ಲ. 2009ರಲ್ಲಿ ಬ್ರಿಟನ್ನಿನ ಕೇಳುಗರು, ಹಾಡುಗಳ ಮಾರಾಟ ಪಟ್ಟಿಯಲ್ಲಿ ಕ್ರಿಸ್‌ಮಸ್ ವಾರದ ಮೊದಲ ಸ್ಥಾನವು ಪ್ರತಿ ವರ್ಷ ಟಿವಿ ಸ್ಪರ್ಧೆಯ ವಿಜೇತರಿಗೇ ಸಲ್ಲುತ್ತಿದ್ದುದಕ್ಕೆ ಬೇಸತ್ತು, ಹದಿನೇಳು ವರ್ಷ ಹಳೆಯ ‘ಕಿಲ್ಲಿಂಗ್ ಇನ್ ದಿ ನೇಮ್’ ಅನ್ನು ಕೊಂಡು ಅಗ್ರಸ್ಥಾನಕ್ಕೆ ಏರಿಸಿದರು. ಅದೇ ಅಭಿಯಾನದಲ್ಲಿ ಮನೆಯಿಲ್ಲದವರಿಗಾಗಿ ದುಡಿಯುವ ಶೆಲ್ಟರ್ ಸಂಸ್ಥೆಗೆ ಹಣವನ್ನೂ ಕೂಡಿಸಿದರು. ಮರುವರ್ಷ ತಂಡವು ಲಂಡನ್ನಿನ ಫಿನ್ಸ್‌ಬರಿ ಪಾರ್ಕಿನಲ್ಲಿ ಆ ಕೇಳುಗರಿಗಾಗಿ ಉಚಿತವಾಗಿ ನುಡಿಸಿತು.

ಇಂತಿ ನಿನ್ನ,
ಅಮ್ಮ