ಹುಡುಗರು ಪಗಾರಕ್ಕಷ್ಟೇ ಕೆಲಸ ಬಿಡುವುದಿಲ್ಲ

ಸಂಪಾದಕರಿಗೆ ನಮಸ್ಕಾರ.

ನಮ್ಮ ಬೆಳಗಾವಿಯ ಕೈಗಾರಿಕಾ ಪ್ರದೇಶಗಳಾದ ಉದ್ಯಮಬಾಗ, ಮಚ್ಛೆ, ಹೊನಗಾ ಕಡೆ ಯಾವ ಮಾಲೀಕರನ್ನು ಮಾತಾಡಿಸಿದರೂ ಒಂದೇ ದೂರು. ಐಟಿಐ ಮುಗಿಸಿದ ಹುಡುಗರು ಬರುತ್ತಾರೆ, ನಾಲ್ಕು ತಿಂಗಳಿಗೆ ಬಿಟ್ಟು ಹೋಗುತ್ತಾರೆ, ಈಗಿನವರಿಗೆ ಮೈ ಬಗ್ಗಲ್ಲ. ಸಿಎನ್‌ಸಿ, ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕಡಿಯುವ ಮಷಿನ್ ಮೇಲೆ ದುಡಿಯುವ ನಾನು ಇದನ್ನು ಒಪ್ಪುವುದಿಲ್ಲ. ಪಗಾರ ಕಡಿಮೆ ಅನ್ನುವುದು ನಿಜ. ಆದರೆ ಹೆಚ್ಚುಕಡಿಮೆ ಅಷ್ಟೇ ಪಗಾರ ಕೊಡುವ ಎರಡು ಶೆಡ್‌ಗಳಲ್ಲಿ ಒಂದರಲ್ಲಿ ಹುಡುಗರು ನಿಲ್ಲುತ್ತಾರೆ, ಪಕ್ಕದ್ದರಲ್ಲಿ ನಿಲ್ಲಲ್ಲ. ಯಾಕೆ?

ನಾನು ಮೊದಲಿದ್ದ ಕಡೆ ಕೆಲಸ ಹೀಗಿತ್ತು. ಕಾಸ್ಟಿಂಗ್ (ಎರಕದ ತುಂಡು) ಎತ್ತು, ಮಷಿನ್‌ನ ಹಿಡಿಕೆಯಾದ ಚಕ್‌ಗೆ ಹಿಡಿಸು, ಬಾಗಿಲು ಹಾಕು, ಹಸಿರು ಬಟನ್ ಒತ್ತು. ಶಿಫ್ಟ್ ಮುಗಿಯುವ ತನಕ ಇಷ್ಟೇ. ಸೈಜ್ ತಪ್ಪುತ್ತಿದೆ ಅಂತ ಗೊತ್ತಾದರೂ ಸೈಜ್ ತಿದ್ದುವ ಅಂಕಿ, ಅಂದರೆ ಆಫ್‌ಸೆಟ್, ಮುಟ್ಟುವ ಹಾಗಿಲ್ಲ, ಮಷಿನ್ ಹೊಂದಿಸುವ ಸೆಟ್ಟರ್ ಬರುವ ತನಕ ಸುಮ್ನೆ ನಿಲ್ಲಬೇಕು, ಆಮೇಲೆ ಟಾರ್ಗೆಟ್ ಯಾಕೆ ಆಗಲಿಲ್ಲ ಅಂತ ಬೈಸಿಕೊಳ್ಳುವವರೂ ನಾವೇ. ಆ ಮಾಲು ಪಂಪಿಗೆ ಹೋಗುತ್ತೋ ಟ್ರ್ಯಾಕ್ಟರಿಗೆ ಹೋಗುತ್ತೋ ಯಾರೂ ಹೇಳಲಿಲ್ಲ, ನಮಗೆ ಗೊತ್ತಿದ್ದದ್ದು ಪಾರ್ಟ್ ನಂಬರ್ ಮಾತ್ರ. ಮಾಲು ಚೆನ್ನಾಗಿದ್ದರೆ ಸುದ್ದಿಯೇ ಇಲ್ಲ. ರಿಜೆಕ್ಟ್ ಆದರೆ ವಾರ ಬಿಟ್ಟು ಗೊತ್ತಾಗುತ್ತಿತ್ತು, ಅದೂ ಎಲ್ಲರ ಮುಂದೆ.

ಎಂಥ ಕೆಲಸ ದುಡಿಯುವವರಿಗೆ ಹುರುಪು ಕೊಡುತ್ತದೆ ಅನ್ನುವುದನ್ನು ಅಮೆರಿಕದ ವಿದ್ವಾಂಸರಾದ ಹ್ಯಾಕ್‌ಮನ್ ಮತ್ತು ಓಲ್ಡ್‌ಹ್ಯಾಮ್ 1970ರ ದಶಕದಲ್ಲೇ ಅಭ್ಯಾಸ ಮಾಡಿದ್ದಾರೆ. ಕೆಲಸದಲ್ಲಿ ಅವರು ನೋಡಿದ್ದು ಐದು ಗುಣ: ಬೇರೆ ಬೇರೆ ಕೌಶಲ ಬೇಕಾಗುವುದು, ಒಂದು ಕೆಲಸವನ್ನು ಮೊದಲಿಂದ ಕೊನೆವರೆಗೆ ಮಾಡುವುದು, ಅದರಿಂದ ಇನ್ನೊಬ್ಬರಿಗೆ ಏನು ಉಪಯೋಗ ಅನ್ನುವುದು, ಸ್ವಂತ ತೀರ್ಮಾನಕ್ಕೆ ಜಾಗ, ಮಾಡಿದ್ದು ಹೇಗಾಯಿತು ಅಂತ ತಿಳಿಯುವುದು. ಕೆಲಸ ಎಷ್ಟು ಹುರುಪು ಕೊಡಬಲ್ಲದು ಅಂತ ಅಳೆಯಲು ಪ್ರತಿ ಗುಣಕ್ಕೂ ಅಂಕ ಕೊಟ್ಟು, ಮೊದಲ ಮೂರರ ಸರಾಸರಿ ತೆಗೆದು ಅದನ್ನು ಕೊನೆಯ ಎರಡರಿಂದ ಗುಣಿಸಬೇಕು ಅನ್ನುವುದು ಅವರ ಲೆಕ್ಕ. ಅಂದರೆ ಆಪರೇಟರ್‌ಗೆ ತೀರ್ಮಾನದ ಹಕ್ಕೇ ಇಲ್ಲದಿದ್ದರೆ ಉಳಿದದ್ದು ಎಷ್ಟಿದ್ದರೂ ಒಟ್ಟು ಅಂಕ ಏಳಲ್ಲ.

ಇದನ್ನು ಕೇಳಿದ ತಕ್ಷಣ ಕೆಲವು ಮ್ಯಾನೇಜರ್‌ಗಳು 'ಹಾಗಾದರೆ ವೈವಿಧ್ಯ ಕೊಡೋಣ' ಅಂತ ಒಬ್ಬನ ಕೈಗೆ ಎರಡು ಮಷಿನ್ ಕೊಡುತ್ತಾರೆ, ಜನ ಕಡಿಮೆ ಬಿದ್ದ ದಿನ ಎರಕದ ಒರಟು ಅಂಚು ಉಜ್ಜಿ ತೆಗೆಯುವ ಫೆಟ್ಲಿಂಗ್‌ಗೂ ಕಳಿಸುತ್ತಾರೆ. ಒಂದು ಬಟನ್ ಬದಲು ಎರಡು ಬಟನ್ ಒತ್ತಿದರೆ ಅದು ವೈವಿಧ್ಯ ಅಲ್ಲ ಸ್ವಾಮಿ, ದುಪ್ಪಟ್ಟು ದುಡಿಮೆ!

ಈಗ ನಾನಿರುವ ಕಡೆ ಸೈಜ್ ಅಳೆಯುವ ಮೈಕ್ರೋಮೀಟರ್ ನಮ್ಮ ಕೈಯಲ್ಲೇ ಇದೆ. ಅಳೆಯುವವರು ನಾವೇ, ಸವೆದ ಇನ್ಸರ್ಟ್ (ಲೋಹ ಕಡಿಯುವ ಅಲಗು) ಬದಲಿಸುವವರು ನಾವೇ, ಹೇಳಿಕೊಟ್ಟ ಮಿತಿಯೊಳಗೆ ಆಫ್‌ಸೆಟ್ ಕೊಡುವವರೂ ನಾವೇ. ರಿಜೆಕ್ಷನ್ ಆ ದಿನವೇ ಬೋರ್ಡ್ ಮೇಲೆ ಬರುತ್ತದೆ. ಹೊಸ ಹುಡುಗ ತಪ್ಪು ಮಾಡುತ್ತಾನೆ, ಒಂದೆರಡು ಪೀಸ್ ಹಾಳಾಗುತ್ತವೆ, ಆದರೆ ಕಲಿಯುತ್ತಾನೆ. ಎಲ್ಲರಿಗೂ ಇದು ಇಷ್ಟ ಆಗಲ್ಲ, ಹೇಳಿದ್ದಷ್ಟೇ ಮಾಡಿ ಮನೆಗೆ ಹೋಗುವೆ ಅನ್ನುವವರೂ ಇದ್ದಾರೆ. ಅವರನ್ನು ಬಲವಂತ ಮಾಡಬೇಕಿಲ್ಲ.

ಪಗಾರ, ಕೆಲಸದ ಭದ್ರತೆ ಸರಿಯಿಲ್ಲದ ಕಡೆ ಇದೆಲ್ಲ ಅಷ್ಟು ಫಲ ಕೊಡಲ್ಲ ಅಂತ ಆ ಇಬ್ಬರು ವಿದ್ವಾಂಸರೂ ಹೇಳಿದ್ದಾರೆ. ಹಾಗಾಗಿ ಕಾಂಟ್ರಾಕ್ಟ್ ಮೇಲೆ ವರ್ಷಗಟ್ಟಲೆ ದುಡಿಯುವ ಹುಡುಗನಿಗೆ ಮೈಕ್ರೋಮೀಟರ್ ಕೊಡುವ ಮೊದಲು ಅವನನ್ನು ಕಾಯಂ ಮಾಡಿ.

– ಒಬ್ಬ ಸಿಎನ್‌ಸಿ ಆಪರೇಟರ್, ಬೆಳಗಾವಿ