ಮಗಳಿಗೊಂದು ಪತ್ರ: ಐಸ್ ಮಾಡಿದವನ ಹೆಂಡತಿ

ಪ್ರೀತಿಯ ಪುಟ್ಟೀ,

‘ದಿ ಮಾಸ್ಕಿಟೋ ಕೋಸ್ಟ್’ ಸಿನಿಮಾ ನೋಡಿ ಮುಗಿಸಿ ನೀನು ಕಳಿಸಿದ್ದು ಒಂದೇ ಸಾಲು: “ಅಪ್ಪನಿಗಂತೂ ಹುಚ್ಚು, ಆ ಅಮ್ಮನಿಗೇನಾಗಿತ್ತು?” ಫೋನಿನಲ್ಲಿ ಹೇಳಿ ಮುಗಿಯುವ ವಿಷಯವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆ ಸಿನಿಮಾದ ಅಪ್ಪ ಆ್ಯಲಿ ಫಾಕ್ಸ್‌ನ ಮಾತು. ಅಮೆರಿಕ ಸಾಕಾಗಿ ಹೆಂಡತಿ ಮಕ್ಕಳನ್ನು ಮಧ್ಯ ಅಮೆರಿಕದ ಕಾಡಿಗೆ ಕರೆದುಕೊಂಡು ಹೋಗುವ ಯಂತ್ರದ ಹುಚ್ಚಿನವನು. ಅವನನ್ನು ಅಷ್ಟು ಸಲೀಸಾಗಿ ಹುಚ್ಚ ಅಂದುಬಿಡಬೇಡ. ಬೆಂಕಿ ಹಾಕಿ ಐಸ್ ತೆಗೆಯುತ್ತಾನಲ್ಲ, ಅದು ಕಣ್ಕಟ್ಟಲ್ಲ. ನೀರಿನಲ್ಲಿ ಕರಗಿರುವ ಅಮೋನಿಯಾವನ್ನು ಕಾಯಿಸಿದರೆ ಅನಿಲವಾಗಿ ಹೊರಗೆ ಬರುತ್ತದೆ. ಒತ್ತಡದಲ್ಲಿಟ್ಟು ತಣಿಸಿದರೆ ದ್ರವವಾಗುತ್ತದೆ. ಒತ್ತಡ ಇಳಿಸಿದಾಗ ಆ ದ್ರವ ಮತ್ತೆ ಆವಿಯಾಗುತ್ತಾ ಸುತ್ತಲಿನ ಶಾಖವನ್ನೆಲ್ಲ ಹೀರಿಕೊಳ್ಳುತ್ತದೆ. ಪಕ್ಕದಲ್ಲಿದ್ದ ನೀರು ಹೆಪ್ಪುಗಟ್ಟುತ್ತದೆ. ಫ್ರಾನ್ಸಿನ ಫರ್ಡಿನಾಂಡ್ ಕಾರೆ 1859ರಲ್ಲೇ ಇಂಥ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದ. ಕರೆಂಟ್ ಇಲ್ಲದ ಮಳೆಕಾಡಿನಲ್ಲಿ, ಸೌದೆಗೆ ಬರವಿಲ್ಲದ ಕಡೆ, ಇದು ಸರಿಯಾದ ಲೆಕ್ಕಾಚಾರವೇ. ಆ ದೈತ್ಯ ಯಂತ್ರ ಮೊದಲ ಸಲ ಐಸ್ ಕೊಟ್ಟಾಗ ನನಗೂ ಚಪ್ಪಾಳೆ ತಟ್ಟಬೇಕೆನಿಸಿತು. ಅದೂ ಆ್ಯಲಿಗೆ ಹ್ಯಾರಿಸನ್ ಫೋರ್ಡ್ ಮುಖ! ಹಿಂದಿನ ವರ್ಷವಷ್ಟೇ ಇದೇ ನಿರ್ದೇಶಕ ಪೀಟರ್ ವಿಯರ್ ಜೊತೆ ‘ವಿಟ್ನೆಸ್’ನಲ್ಲಿ ಭರವಸೆಯ ಪೊಲೀಸನಾಗಿದ್ದವನು. ನಾಯಕನ ಮುಖವಿರುವವನನ್ನು ನಾವು ಮೊದಲೇ ನಂಬಿಬಿಟ್ಟಿರುತ್ತೇವೆ. 1986ರಲ್ಲಿ ಈ ಚಿತ್ರ ಓಡಲಿಲ್ಲ. ಜನ ಅವನನ್ನು ಹಾಗೆ ನೋಡಲು ತಯಾರಿರಲಿಲ್ಲವೇನೋ.

ಇನ್ನು ಅಮ್ಮ. ಹೆಲೆನ್ ಮಿರನ್ ಮಾಡಿರುವ ಆ ಪಾತ್ರಕ್ಕೆ ಹೆಸರೇ ಇಲ್ಲ. ಗಂಡನೂ ‘ಮದರ್’ ಎಂದೇ ಕರೆಯುತ್ತಾನೆ. ನಿನಗೆ ಅವಳ ಮೌನವೆಲ್ಲ ಒಂದೇ ಥರ ಕಂಡಿರಬೇಕು. ನನಗೆ ಹಾಗನ್ನಿಸಲಿಲ್ಲ. ಅವರು ನೆಲೆಸಿದ ಜೆರೊನಿಮೋ ಎಂಬ ಹಳ್ಳಿಯಲ್ಲಿ ಕಾಡು ಕಡಿದು, ಮನೆ ಕಟ್ಟಿ, ಬೆಳೆ ತೆಗೆಯುವಾಗ ಅವಳು ಸುಮ್ಮನಿರುವುದು ಹೆದರಿಕೆಯಿಂದಲ್ಲ. ಅವಳಿಗೆ ಆ ಬದುಕು ಇಷ್ಟವಾಗಿದೆ, ಮೈಮುರಿದು ದುಡಿಯುತ್ತಿದ್ದಾಳೆ. ನಿಮ್ಮಪ್ಪ ಮಿಕ್ಸಿ ಬಿಚ್ಚಿ ನೆಲದ ತುಂಬಾ ಹರಡಿಕೊಂಡು ಕೂತಾಗ ನಾನು ಬಾಯಿ ಬಿಡದೆ ಸ್ಕ್ರೂ ಎತ್ತಿ ಕೊಡುತ್ತಿರುತ್ತೇನಲ್ಲ, ಅಂಥ ಮೌನ ಅದು.

ಬಂದೂಕು ಹಿಡಿದ ಆ ಮೂವರು ಬಂದ ರಾತ್ರಿಯಿಂದ ಲೆಕ್ಕ ಬದಲಾಗುತ್ತದೆ. ಅವರನ್ನು ಐಸ್ ಯಂತ್ರದೊಳಗೆ ಮಲಗಿಸಿ, ಹೆಪ್ಪುಗಟ್ಟಿಸಿ ಕೊಲ್ಲುವುದು ಆ್ಯಲಿಯ ಉಪಾಯ. ಹೊರಗೆ ಬರಲು ಉಳಿದಿದ್ದ ಇನ್ನೊಂದು ದಾರಿಗೆ ಅಗುಳಿ ಹಾಕುವ ಕೆಲಸ ಯಾರಿಗೆ? ಮಗ ಚಾರ್ಲಿಗೆ. ಮೀಸೆ ಮೂಡದ ಹುಡುಗನಿಗೆ! ಒಳಗಿದ್ದವರು ಗಾಬರಿಬಿದ್ದು ಗುಂಡು ಹಾರಿಸುತ್ತಾರೆ, ಯಂತ್ರ ಸಿಡಿಯುತ್ತದೆ, ಊರು ಸುಡುತ್ತದೆ, ರಾಸಾಯನಿಕ ಹರಿದು ನದಿ ಕೆಡುತ್ತದೆ. ನಿನಗೆ ಆ ಬೆಂಕಿಯೇ ಭಯಂಕರ ಅನ್ನಿಸಿರಬಹುದು. ಅಪ್ಪ ಹೇಳಿದ ಅಂತ ಮಗ ಹೋಗಿ ಬಾಗಿಲು ಭದ್ರ ಮಾಡಿದನಲ್ಲ, ನನಗೆ ಭಯವಾದದ್ದು ಅಲ್ಲಿ. ಚಾರ್ಲಿಯಾಗಿರುವ ರಿವರ್ ಫೀನಿಕ್ಸ್ ಆ ದೃಶ್ಯಗಳಲ್ಲಿ ಹೆಚ್ಚೇನೂ ಮಾಡುವುದಿಲ್ಲ. ಅಪ್ಪನ ಮುಖವನ್ನು ನೋಡುತ್ತಿರುತ್ತಾನೆ, ಅಷ್ಟೇ. (ಪಾಪ, 1993ರಲ್ಲಿ ಇಪ್ಪತ್ತಮೂರಕ್ಕೇ ತೀರಿಕೊಂಡ.)

ಅಲ್ಲಿಂದ ಮುಂದೆ ಆ ಮನೆ ನಿಂತಿರುವುದೇ ಸುಳ್ಳಿನ ಮೇಲೆ. ಯಾರೂ ವಾಪಸ್ ಹೋಗುವ ಮಾತೆತ್ತಬಾರದೆಂದು ಅಪ್ಪ, ಅಮೆರಿಕವೇ ಅಣುಯುದ್ಧದಲ್ಲಿ ನಾಶವಾಯಿತು ಎಂದುಬಿಡುತ್ತಾನೆ. ಇತ್ತ ದೋಣಿ ನಡೆಸುವ ಹ್ಯಾಡಿ ಎಂಬವನು ದೋಣಿಯ ಎಂಜಿನ್ನಿಗೆಂದು ಗುಟ್ಟಾಗಿ ಕೊಟ್ಟ ಪೆಟ್ರೋಲು, ಸ್ಪಾರ್ಕ್ ಪ್ಲಗ್ಗುಗಳನ್ನು ಚಾರ್ಲಿ ಅಪ್ಪನ ಕಣ್ಣಿಗೆ ಬೀಳದಂತೆ ಬಚ್ಚಿಡುತ್ತಾನೆ. ಬಿರುಗಾಳಿಯ ರಾತ್ರಿ ಎಲ್ಲರೂ ಸಮುದ್ರದ ಪಾಲಾಗುವುದನ್ನು ತಪ್ಪಿಸಿದ್ದು ಆ ಬಚ್ಚಿಟ್ಟ ಸಾಮಾನೇ. ಯಾರ ಸಹಾಯವೂ ಬೇಡವೆನ್ನುವ ಅಪ್ಪನ ಮಕ್ಕಳು ಬದುಕಿದ್ದು ಬೇರೊಬ್ಬರ ಉಪಕಾರದಿಂದ. ಅದನ್ನು ಯಾರೂ ಬಾಯಿಬಿಟ್ಟು ಹೇಳದಿರುವುದು ಚಿತ್ರದ ಒಳ್ಳೆಯ ಗುಣ. ಆ ಕಾಡಿನಲ್ಲಿ ಧರ್ಮ ಸಾರಲು ಬಂದ ಪಾದ್ರಿಯೊಬ್ಬನ ಭಾಗ ಮಾತ್ರ ನನಗೆ ರುಚಿಸಲಿಲ್ಲ. ಆ್ಯಲಿಗೆ ಎದುರಾಳಿ ಬೇಕಿತ್ತು ಅಂತ ತಂದು ನಿಲ್ಲಿಸಿದ ಹಾಗಿದೆ.

ಅಮ್ಮನ ಸುಳ್ಳು ಬರುವುದು ಕೊನೆಗೆ. ಆ ಪಾದ್ರಿಯ ಚರ್ಚಿಗೆ ಬೆಂಕಿಯಿಟ್ಟು ಗುಂಡೇಟು ತಿಂದ ಆ್ಯಲಿ, ಕತ್ತಿನ ಕೆಳಗೆ ಅಲುಗಾಡದೆ ದೋಣಿಯಲ್ಲಿ ಮಲಗಿದ್ದಾನೆ. ಪ್ರವಾಹಕ್ಕೆದುರಾಗಿ ಹೋಗುತ್ತಿದ್ದೇವೆಯೇ ಅಂತ ಕೇಳುತ್ತಾನೆ. ಹೌದು ಎನ್ನುತ್ತಾಳೆ. ದೋಣಿ ತೇಲುತ್ತಿರುವುದು ಸಮುದ್ರದ ಕಡೆಗೆ. ನೀನು ಇದನ್ನು ಸಾಯುವವನ ಮೇಲಿನ ಕರುಣೆ ಅಂದುಕೊಂಡಿರಬಹುದು. ಇರಲಿ. ಆದರೆ ಮದುವೆಯಾದಾಗಿನಿಂದ ಅವನು ತೋರಿಸಿದ ದಿಕ್ಕಿಗೆ ಹೋದವಳು, ಅವತ್ತು ಮೊದಲ ಸಲ ದಿಕ್ಕು ತಾನೇ ಗೊತ್ತುಮಾಡಿದ್ದಾಳೆ. ಅದನ್ನು ಅವನಿಗೆ ಹೇಳುವ ಅಗತ್ಯವೂ ಅವಳಿಗೆ ಕಾಣಲಿಲ್ಲ. ಅಷ್ಟು ತಡವಾಗಿ ಯಾಕೆ ಎಂದರೆ, ಒಳ್ಳೆಯ ದಿನಗಳ ಮೌನ ಕೆಟ್ಟ ದಿನಗಳಿಗೂ ಹಾಗೇ ಮುಂದುವರಿಯಿತು. ಎಲ್ಲಿ ನಿಲ್ಲಿಸಬೇಕಿತ್ತೋ ಅವಳಿಗೇ ತಿಳಿಯಲಿಲ್ಲ. ಅವಳಿಗೆ ಏನಾಗಿತ್ತು ಎಂಬುದಕ್ಕೆ ನನ್ನ ಉತ್ತರ ಇದು.

ನೀನು ಒಪ್ಪುವುದಿಲ್ಲ, ಗೊತ್ತು. ಅಗುಳಿ ಹಾಕಿದ ರಾತ್ರಿಯೇ ಅವಳು ಮಕ್ಕಳನ್ನು ಕರೆದುಕೊಂಡು ಹೊರಡಬೇಕಿತ್ತು ಎನ್ನುತ್ತೀಯ. ಸರಿ, ಆ ಕಾಡಿನಿಂದ ಹೇಗೆ, ಯಾವ ದೋಣಿಯಲ್ಲಿ ಎನ್ನುವುದನ್ನೂ ಯೋಚಿಸಿ ಬರೆ.

ನಿನ್ನ,
ಅಮ್ಮ