ಮೇಯರ್ ಲೊಯ್ ಕುರಿತ ಬರಹ: ಬೈಯುವುದಾದರೆ ಸರಿಯಾದ ಕಾರಣಕ್ಕೆ ಬೈಯಿರಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಹದಿನೆಂಟನೆಯ ಶತಮಾನದ ಜ್ಯೂರಿಚ್ ಮೇಯರ್ ಯೋಹಾನ್ ಯಾಕೋಬ್ ಲೊಯ್ ಅವರನ್ನು ‘ಕಪ್ಪುಹಣದ ಪಿತಾಮಹ’ ಎಂದು ಕರೆದು ಕೈತೊಳೆದುಕೊಂಡಿದ್ದೀರಿ. ಆ ಒಂದು ತಲೆಬರಹದ ದೆಸೆಯಿಂದ ನಿನ್ನೆ ನನ್ನ ಅರ್ಧ ದಿನದ ರಜೆಯೂ, ಒಂದು ಕೊಡೆಯೂ, ಉಳಿದಿದ್ದ ಚೂರುಪಾರು ತಾಳ್ಮೆಯೂ ಹಾಳಾದುದರಿಂದ ಈ ಪತ್ರ ಬರೆಯಬೇಕಾಗಿ ಬಂದಿದೆ.

ನಾನು ಹದಿನಾಲ್ಕು ವರ್ಷಗಳಿಂದ ಜ್ಯೂರಿಚ್‌ನಲ್ಲಿದ್ದೇನೆ. ನಿಮ್ಮ ಬರಹ ಬಂದ ದಿನವೇ ಧಾರವಾಡದಿಂದ ಸೋದರಮಾವ ಫೋನ್ ಮಾಡಿ, “ನಿಮ್ಮೂರ ಮೇಯರ್ ಅಂಥಾಂವ ಏನಪಾ?” ಎಂದು ಕೇಳಿದರು. ಅಲ್ಲ ಎನ್ನುವುದಕ್ಕೂ ಹೌದು ಎನ್ನುವುದಕ್ಕೂ ಆಧಾರ ಬೇಕಲ್ಲ ಎಂದುಕೊಂಡು, ಸ್ವತಃ ಲೊಯ್ ಅವರೇ ಬರೆದ ಸ್ವಿಸ್ ವಿಶ್ವಕೋಶವನ್ನು ನೋಡಲು ಇಲ್ಲಿನ ಒಂದು ಗ್ರಂಥಾಲಯಕ್ಕೆ ಹೋದೆ. ಸುರಿಯುವ ಮಳೆಯಲ್ಲಿ ಎರಡು ಟ್ರ್ಯಾಮ್ ಬದಲಿಸಿದ್ದಾಯಿತು, ಮೊದಲನೆಯದರಲ್ಲಿ ಕೊಡೆ ಮರೆತದ್ದೂ ಆಯಿತು. ಕೋಟನ್ನೂ ಚೀಲವನ್ನೂ ಲಾಕರಿನಲ್ಲಿಡದೆ ಒಳಗೆ ಬಿಡುವುದಿಲ್ಲ, ಲಾಕರಿಗೆ ಎರಡು ಫ್ರಾಂಕಿನ ನಾಣ್ಯವೇ ಆಗಬೇಕು, ನಾಣ್ಯಕ್ಕಾಗಿ ಎದುರಿನ ಅಂಗಡಿಯಲ್ಲಿ ಬೇಡದ ಕಾಫಿ ಕುಡಿಯಬೇಕು. ಇಷ್ಟೆಲ್ಲ ಮುಗಿಸಿ ಕೌಂಟರಿನ ಮುಂದೆ ನಿಂತರೆ, ಹಳೆಯ ಪುಸ್ತಕಗಳಿಗೆ ಮೂರು ಕೆಲಸದ ದಿನ ಮುಂಚಿತವಾಗಿ ಅರ್ಜಿ ಕೊಡಬೇಕೆಂದೂ, ಹೇಗಿದ್ದರೂ ಎಲ್ಲವೂ ಇಂಟರ್ನೆಟ್ಟಿನಲ್ಲಿ ಇರುವುದರಿಂದ ತಾವು ಬರುವ ಅಗತ್ಯವೇ ಇರಲಿಲ್ಲವೆಂದೂ ಅಲ್ಲಿದ್ದ ಸಿಬ್ಬಂದಿ ಬಹಳ ವಿನಯದಿಂದ ತಿಳಿಸಿದರು. ಇರುವೆಯ ಸಾಲಿನಂತಿರುವ ಆ ಹಳೆಯ ಜರ್ಮನ್ ಅಚ್ಚಕ್ಷರವನ್ನು ಮೊಬೈಲಿನ ಪರದೆಯಲ್ಲಿ ಓದಲು ನನ್ನ ಕನ್ನಡಕ ಒಪ್ಪುವುದಿಲ್ಲ ಎಂದೆ. ಅದಕ್ಕೂ ಅವರು ವಿನಯದಿಂದಲೇ ಮುಗುಳ್ನಕ್ಕರು.

ಆ ವಿಶ್ವಕೋಶವೇನು ಸಣ್ಣಪುಟ್ಟ ಪುಸ್ತಕವಲ್ಲ. 1747ರಿಂದ 1765ರವರೆಗೆ ಇಪ್ಪತ್ತು ಸಂಪುಟಗಳಾಗಿ ಹೊರಬಂದು, ಸ್ವಿಟ್ಜರ್ಲೆಂಡಿನ ಊರುಗಳು, ಮನೆತನಗಳು, ಅಧಿಕಾರ ನಡೆಸಿದವರ ಹೆಸರುಗಳನ್ನೆಲ್ಲ ಅಕಾರಾದಿಯಲ್ಲಿ ಜೋಡಿಸಿಟ್ಟ ಕೆಲಸ ಅದು. ಲೊಯ್ ಅವರು ಇದನ್ನು ನಿವೃತ್ತರಾಗಿ ಮನೆಯಲ್ಲಿ ಕುಳಿತು ಬರೆದವರಲ್ಲ. 1689ರಲ್ಲಿ ಹುಟ್ಟಿ, ಕಾನೂನು ಓದಿ, ನಗರದ ಬರವಣಿಗೆಯ ಕೆಲಸದಿಂದ ಮೇಲೇರುತ್ತ, ಕೀಬುರ್ಗ್ ಸೀಮೆಯ ‘ಲಾಂಡ್‌ಫೋಗ್ಟ್’ ಆಗಿ (ನಮ್ಮ ಕಡೆಯ ಅಮಲ್ದಾರರು ಎನ್ನಬಹುದು), ನಂತರ ನಗರದ ಖಜಾಂಚಿಯಾಗಿ, 1759ರಲ್ಲಿ ಮೇಯರ್ ಆಗಿ, 1768ರಲ್ಲಿ ಸಾಯುವವರೆಗೂ ಅದೇ ಹುದ್ದೆಯಲ್ಲಿದ್ದವರು. ಆಗ ಇಬ್ಬರು ಮೇಯರ್‌ಗಳು ಆರಾರು ತಿಂಗಳು ಸರದಿಯ ಮೇಲೆ ಆಡಳಿತ ನಡೆಸುತ್ತಿದ್ದರೆಂಬ ಸರಳ ಸಂಗತಿಯೂ ನಿಮ್ಮ ಬರಹದಲ್ಲಿಲ್ಲ.

ಇನ್ನು ಕಪ್ಪುಹಣದ ಮಾತು. 1755ರಲ್ಲಿ ಲೊಯ್ ಖಜಾಂಚಿಯಾಗಿದ್ದಾಗ, ಊರಿನಲ್ಲಿ ಬಡ್ಡಿ ಇಳಿದು ಕೂಡಿಬಿದ್ದಿದ್ದ ಹಣವನ್ನು ಹೊರದೇಶಗಳಲ್ಲಿ ತೊಡಗಿಸಲು ನಗರವೇ ಬ್ಯಾಂಕಿನಂಥ ಒಂದು ಸಮಿತಿ ಮಾಡಿತು; ಸರ್ಕಾರದ ಕೈ ಕಾಣದಿರಲೆಂದು ಅದಕ್ಕೆ ‘ಲೊಯ್ ಮತ್ತು ಕಂಪನಿ’ ಎಂಬ ಖಾಸಗಿ ಹೆಸರಿಟ್ಟರು. ಆದರೆ ಕಪ್ಪುಹಣಕ್ಕೆ ಮರೆಯಾದದ್ದು ಖಾತೆದಾರರ ಗುಟ್ಟು ಕಾಯುವ ಸ್ವಿಸ್ ಕಾನೂನು; ಅದು ಬಂದದ್ದು 1934ರಲ್ಲಿ, ಲೊಯ್ ಸತ್ತ 166 ವರ್ಷಗಳ ಮೇಲೆ. ಆ ಬ್ಯಾಂಕಿನ ಹಣ ಅದೇ ಶತಮಾನದಲ್ಲಿ ಡೆನ್ಮಾರ್ಕಿನ ವಶದಲ್ಲಿದ್ದ ಕೆರಿಬಿಯನ್ ದ್ವೀಪಗಳ ತೋಟಗಳಿಗೆ, ಅಂದರೆ ಗುಲಾಮರು ಬೆವರು ಹರಿಸುತ್ತಿದ್ದ ತೋಟಗಳಿಗೆ ಸಾಲವಾಗಿ ಹೋಯಿತು. ಬೈಯಲು ಇಂಥದೊಂದು ಗಟ್ಟಿ ಕಾರಣ ಇರುವಾಗ ಇಲ್ಲದ ಕಾರಣವನ್ನು ಹುಡುಕಿ ತಂದ ನಿಮ್ಮ ಬರಹಗಾರರ ಶ್ರಮ ಮೆಚ್ಚತಕ್ಕದ್ದೇ.

ಅದಕ್ಕಿಂತ ಹತ್ತಿರದ ಕಾರಣವೂ ಇತ್ತು. ಲೊಯ್ ಅವರ ಅಳಿಯ ಫೆಲಿಕ್ಸ್ ಗ್ರೇಬೆಲ್ ಗ್ರೂನಿಂಗೆನ್ ಸೀಮೆಯ ಅಮಲ್ದಾರನಾಗಿದ್ದು ಹಳ್ಳಿಯವರನ್ನು ಸುಲಿದವನು. ಮಾವ ಮೇಯರ್ ಆಗಿರುವಾಗ ದೂರು ಕೊಡಲು ಯಾರಿಗೆ ಎದೆಗಾರಿಕೆ ಬರಬೇಕು? ಕೊನೆಗೆ 1762ರಲ್ಲಿ, ಇಪ್ಪತ್ತೊಂದರ ಹರೆಯದ ಇಬ್ಬರು ಗೆಳೆಯರು, ಮುಂದೆ ಪಾದ್ರಿಯಾಗಿ ಹೆಸರಾದ ಲಾವಾಟರ್ ಮತ್ತು ಲಂಡನ್ನಿನಲ್ಲಿ ಚಿತ್ರಕಾರನಾದ ಫ್ಯೂಸ್ಲಿ, ಮೊದಲು ಗ್ರೇಬೆಲ್‌ಗೇ ಎಚ್ಚರಿಕೆಯ ಪತ್ರ ಬರೆದು, ಅವನು ಜಗ್ಗದಿದ್ದಾಗ ಹೆಸರಿಲ್ಲದ ಕರಪತ್ರವನ್ನು ಊರಿನ ಆಡಳಿತಗಾರರಿಗೆ ಮುಟ್ಟಿಸಿದರು. ವಿಚಾರಣೆಯಲ್ಲಿ ದೂರು ನಿಜವೆಂದಾಯಿತು, ಗ್ರೇಬೆಲ್ ಊರು ಬಿಟ್ಟು ಓಡಿದ. ಆದರೆ ದೂರು ಕೊಟ್ಟ ಕ್ರಮ ಸರಿಯಿಲ್ಲವೆಂದು ಆ ಹುಡುಗರೂ ಕ್ಷಮೆ ಕೇಳಬೇಕಾಯಿತು, 1763ರಲ್ಲಿ ಜರ್ಮನಿಗೆ ಹೊರಟು ಹೋದರು. ಕಳ್ಳನನ್ನು ತೋರಿಸಿದವನಿಗೆ ಬೆರಳು ಚಾಚಿದ್ದಕ್ಕೆ ದಂಡ ಹಾಕುವ ಕಚೇರಿಗಳ ಈ ಚಾಳಿಯನ್ನು ನಾನು ಹುಬ್ಬಳ್ಳಿಯಲ್ಲಿ ತಂದೆಯವರ ಪಿಂಚಣಿ ಕಡತದ ಹಿಂದೆ ಅಲೆಯುತ್ತಿದ್ದಾಗಲೇ ಕಂಡಿದ್ದೆ; ಅಲ್ಲಿಯೂ ತಪ್ಪು ಗುಮಾಸ್ತರದು, ವಿವರಣೆ ಕೊಡಬೇಕಾದವರು ನಾವು. ನಿನ್ನೆ ಕೌಂಟರಿನ ಮುಂದೆಯೂ ‘ನಿಯಮ ತಿಳಿದುಕೊಳ್ಳದೆ ಬಂದದ್ದಕ್ಕೆ’ ಕ್ಷಮಿಸಿ ಎಂದು ನನ್ನ ಬಾಯಿಂದಲೇ ಬಂತು.

ನಾನು ನೋಡಬೇಕೆಂದಿದ್ದದ್ದು ಇಷ್ಟೇ: ಇಪ್ಪತ್ತು ಸಂಪುಟಗಳ ಆ ಮಹಾಪುರುಷರು ಗ್ರೂನಿಂಗೆನ್ ಎಂಬ ಊರಿನ ಕೆಳಗೆ ಅಳಿಯನ ಬಗ್ಗೆ ಏನು ಬರೆದಿದ್ದಾರೆ, ಅಥವಾ ಬರೆದೇ ಇಲ್ಲವೇ ಎಂಬುದು. ಅದಂತೂ ಆಗಲಿಲ್ಲ.

ಆದ್ದರಿಂದ ತಾವು ಮುಂದಿನ ಭಾನುವಾರ ತಿದ್ದುಪಡಿ ಹಾಕಬೇಕು; ತಿದ್ದುಪಡಿ ಹಾಕುವ ಅಭ್ಯಾಸ ಇಲ್ಲದಿದ್ದರೆ ಕನಿಷ್ಠ ಆ ಬರಹಗಾರರನ್ನು ಇಲ್ಲಿಗೆ ಕಳುಹಿಸಿ, ಮಳೆಯಲ್ಲಿ ಟ್ರ್ಯಾಮ್ ಹತ್ತಿಸಿ, ಎರಡು ಫ್ರಾಂಕಿನ ನಾಣ್ಯ ಹುಡುಕಿಸಬೇಕು. ಗ್ರಂಥಾಲಯದವರೂ ಮೂರು ದಿನದ ಆ ನಿಯಮವನ್ನು ಏನಾದರೂ ಮಾಡಬೇಕು. ಏನು ಮಾಡಬೇಕೆಂದು ನಾನೇ ಹೇಳಬೇಕಾಗಿದ್ದರೆ ಅವರಿಗೆ ಸಂಬಳವೇಕೆ?

ಇತಿ,
ನಿಮ್ಮ ಹಳೆಯ ಓದುಗ,
ಜ್ಯೂರಿಚ್